ಷರಾ

ನಗರಸಭೆ ಕೊಟ್ಟ ನಮೂನೆಯಲ್ಲಿ ಹನ್ನೊಂದು ಅಂಕಣ.
ಕ್ರಮಸಂಖ್ಯೆ, ವಾರ್ಡು, ಮಾಲೀಕರ ಹೆಸರು, ಕಟ್ಟಿದ ವರ್ಷ,
ಗೋಡೆ ಯಾವುದರದ್ದು, ಮಾಡು ಯಾವುದರದ್ದು, ಈಗಿನ ಸ್ಥಿತಿ…
ಕೊನೆಯದು ಷರಾ. ಎರಡು ಬೆರಳಗಲ.
ಈ ಜಾಗ ಯಾಕೆ ಉಳಿಯಬೇಕು
ಎಂಬುದನ್ನು ಅಷ್ಟರಲ್ಲೇ ಬರೆಯಬೇಕಂತೆ.

ನನಗೆ ದಿನಗೂಲಿ. ಒಂದು ಟೇಪು, ಒಂದು ಹಲಗೆ,
ಕೊರಳಲ್ಲಿ ಗುರುತಿನ ಚೀಟಿ.
ಅದರಲ್ಲಿ ಹೆಸರು ತಪ್ಪು: ವಿಠೋಬ ಹೋಗಿ ವಿಠಲ.
ತಿದ್ದಿಸಲು ಅರ್ಜಿ ಕೊಟ್ಟಿದ್ದೇನೆ.

ಸುಂಕದ ಬಂಗಲೆ ಸುಲಭವಿತ್ತು.
ಬಾಗಿಲ ಮೇಲೆ ಇಸವಿ ಕೊರೆದಿದ್ದರು,
ನನಗಾಗಿ ಆಗಲೇ ನಮೂನೆ ತುಂಬಿಟ್ಟ ಹಾಗೆ.
ಚಿರೆಕಲ್ಲು, ಸುಣ್ಣದ ಗಾರೆ, ಕಮಾನು ಏಳು.
'ಅ' ದರ್ಜೆ. ಹತ್ತು ನಿಮಿಷ.
ಒಳಗೆ ಬಾವಲಿ ಬಿಟ್ಟರೆ ಯಾರೂ ಇರಲಿಲ್ಲ;
ಬಾವಲಿಗೆ ಅಂಕಣವಿಲ್ಲ.

ಕೋಡಿಬಾಗದ ತಿರುವಿನಲ್ಲಿ ಎರ್ಮೆಲಿಂದಾ ಬಾಯಿಯ ಮನೆ.
ಕಿಟಕಿಗೆ ಗಾಜಲ್ಲ, ಸಮುದ್ರದ ಚಿಪ್ಪು,
ಉಗುರಿನಷ್ಟು ತೆಳ್ಳಗೆ ಸೀಳಿ ಮರದ ಚೌಕದಲ್ಲಿ ಕೂರಿಸಿದ್ದು.
ಸಂಜೆ ಬಿಸಿಲು ಅದನ್ನು ಹಾದು
ನೆಲದ ಮೇಲೆ ಗಂಜಿತಿಳಿಯ ಹಾಗೆ ಚೆಲ್ಲಿತ್ತು.
ಎಣಿಸಿದೆ: ಕಿಟಕಿಗೆ ತೊಂಬತ್ತಾರು, ನಾಲ್ಕು ಒಡೆದದ್ದು,
ಒಡೆದಲ್ಲಿ ಹಳೇ ಕ್ಯಾಲೆಂಡರಿನ ರಟ್ಟು.
"ಪಟ್ಟಿಗೆ ಸೇರಿದರೆ ಹೆಂಚು ಹೊದಿಸಲು ನಿಮ್ಮನ್ನು ಕೇಳಬೇಕೋ?"
ಕೇಳಬೇಕು ಬಾಯಿ. ಸಮಿತಿ ಮೂರು ತಿಂಗಳಿಗೊಮ್ಮೆ ಸೇರುತ್ತದೆ.
"ಮಳೆಗೆ ನೋಟಿಸು ಕೊಟ್ಟಿದ್ದೀರೋ?"
ನಗಲಿಲ್ಲ ಆಕೆ. ಚಹಾ ಕೊಟ್ಟಳು.

ಗುರುವಾರ ಫೋಟೋ ತೆಗೆಯಲು ಹೋದರೆ
ಗೋಡೆಯಲ್ಲಿ ಆರು ಚೌಕ ತೂತು.
ಅಂಗಳದಲ್ಲಿ ಟೆಂಪೋ, ಗೋವಾದ ನಂಬರು,
ಹುಲ್ಲು ಹಾಸಿ ಮಲಗಿಸಿದ ಕಿಟಕಿಗಳು
ಒಂದರ ಮೇಲೊಂದು.
ಆಕೆ ಹೊಸ ಹೆಂಚಿನ ರಾಶಿಗೆ ಒರಗಿ ನಿಂತಿದ್ದಳು.
ನನ್ನ ಕಡೆ ನೋಡಲಿಲ್ಲ; ನಾನೂ.
ಕಾಪಾಡಲೆಂದು ಹೋದವನ ಹಲಗೆಯೇ
ಅವಕ್ಕೆ ಬೆಲೆಯಿದೆಯೆಂದು ಊರಿಗೆಲ್ಲ ಹೇಳಿತ್ತು.
'ಈಗಿನ ಸ್ಥಿತಿ' ಎಂಬಲ್ಲಿ
ಬರೆದೆ, ಹೊಡೆದುಹಾಕಿದೆ, ಮತ್ತೆ ಬರೆದೆ:
ಗಾಳಿ ಚೆನ್ನಾಗಿದೆ.

ಇನ್ನು ಮೀನುಪೇಟೆಯ ಕಲ್ಲು.
ಅದು ನನ್ನ ಲೆಕ್ಕಕ್ಕೇ ಇರಲಿಲ್ಲ.
ಗಟಾರದ ಪಕ್ಕ ಉದ್ದಕ್ಕೆ ಬಿದ್ದ ಕರಿಶಿಲೆ,
ಕೂತು ಕೂತು ಸವೆದು ಒಂಬತ್ತು ತಗ್ಗು.
ಶೇವಂತಿ ದುರ್ಗೇಕರ ಮೂರನೇ ತಗ್ಗಿನವಳು.
"ನನ್ನದಲ್ಲ, ಅತ್ತೆಯದು. ಅತ್ತೆಯದಲ್ಲ, ಅವಳತ್ತೆಯದು.
ನಂಗಿನ್ನೂ ಸರಿಯಾಗಿ ಹೊಂದಿಲ್ಲ, ನೋಡು"
ಎಂದು ಸೊಂಟ ಸರಿಸಿ ತೋರಿಸಿದಳು.
ಕಟ್ಟಿದ ವರ್ಷ? ಕಟ್ಟಿಲ್ಲ. ಮಾಡು? ಕೊಡೆ.
ಮಾಲೀಕರು?
ತಾರ್ಲೆಯ ಬುಟ್ಟಿ ನನ್ನ ಕಾಲಿಗೆ ತಾಗಿಸಿ
"ಗಿರಾಕಿಗೆ ದಾರಿ ಬಿಡು" ಎಂದಳು.

ಕರಡು ಪಟ್ಟಿ ನೋಟಿಸ್ ಬೋರ್ಡಿಗೆ ಬಂತು.
ಆಕ್ಷೇಪಣೆಗೆ ಮೂವತ್ತು ದಿನ.
ಕಲ್ಲು ಅದರಲ್ಲಿಲ್ಲ; ಇಂಜಿನಿಯರ್ ಸಾಹೇಬರು
ಕೆಂಪು ಶಾಯಿಯಲ್ಲಿ ಗೆರೆ ಎಳೆದು
'ಚರಂಡಿ ಕಾಮಗಾರಿ' ಎಂದಿದ್ದರು.
ಇಪ್ಪತ್ತೊಂಬತ್ತು ದಿನ ಯಾರೂ ಓದಲಿಲ್ಲ,
ಬೋರ್ಡಿನ ನೆರಳಲ್ಲಿ ನಾಯಿ ಮಲಗಿತ್ತು.
ಮೂವತ್ತನೆಯ ದಿನ, ಪೇಟೆ ಎದ್ದ ಮೇಲೆ,
ಒಂಬತ್ತು ಜನ ಬಂದರು.
ಯಾರದೋ ಮೊಮ್ಮಗಳು ಬರೆದುಕೊಟ್ಟ ಅರ್ಜಿ, ಒಂದೇ ಸಾಲು:
ನಾವು ಕೂತಿದ್ದೇವೆ.
ಕೆಳಗೆ ಸಹಿ ಎರಡು, ಹೆಬ್ಬೆಟ್ಟು ಏಳು.
ಒಂದು ಹೆಬ್ಬೆಟ್ಟಿನ ಜೊತೆ ಮೀನಿನ ಹುರುಪೆ ಅಂಟಿ ಬಂದಿತ್ತು;
ಗುಮಾಸ್ತ ಮೂಗು ಮುಚ್ಚಿಕೊಂಡು
ಅದರ ಮೇಲೇ ಮೊಹರು ಹೊಡೆದ.
ನೇರಳೆ ತಾರೀಖಿನ ಕೆಳಗೆ ಈಗಲೂ ಮಿನುಗುತ್ತದೆ.

ಸಮಿತಿ ಎರಡು ಸಲ ಕೋರಂ ಇಲ್ಲದೆ ಮುಂದೆ ಹೋಯಿತು.
ಜೆಸಿಬಿ ಬಂದು ನಿಂತಿದೆ, ಡೀಸೆಲ್ ಬಿಲ್ಲು ಪಾಸಾಗಿಲ್ಲ.
ನನ್ನ ಕೆಲಸ ಮುಗಿಯಿತು, ಚೀಟಿ ಮರಳಿಸಬೇಕು.
ಹೆಸರು ತಿದ್ದಿ ಬಂದದ್ದು ನಿನ್ನೆ.

ಬೆಳಿಗ್ಗೆ ಪೇಟೆಗೆ ಹೋದೆ.
ಶೇವಂತಿ ಬಂದಿರಲಿಲ್ಲ, ಜ್ವರವಂತೆ.
ಪಕ್ಕದವಳು ಮೂರನೇ ತಗ್ಗಿಗೆ ಒಂದು ಚೊಂಬು ನೀರು ಸುರಿದು
ಸೆರಗಿನಿಂದ ಒರೆಸಿ
ಖಾಲಿ ಬುಟ್ಟಿಯೊಂದನ್ನು ಅದರ ಮೇಲೆ
ಬೋರಲಿಟ್ಟಳು.