ಟೀಚ್, ಟಾಟ್, ಟಾಟ್

ಬಂದರಿನಿಂದ ಆರೂವರೆಯ ದೋಣಿ ಹಿಡಿದು
ಬೆಂಗ್ರೆಗೆ ಹೋಗುತ್ತೇನೆ, ಬುಧವಾರ, ಶನಿವಾರ.
ಶಾಲೆಯ ಒಂದನೇ ಕ್ಲಾಸು. ಹನ್ನೊಂದು ಹೆಂಗಸರು,
ಬೆಂಚಿಗಿಂತ ಎತ್ತರ ಅವರ ಮೊಣಕಾಲು,
ಐಸಿನ ತಣ್ಣಗೆ ಇನ್ನೂ ಬಿಡದ ಬೆರಳುಗಳಲ್ಲಿ ಪೆನ್ಸಿಲು.

ಇವತ್ತಿನ ಕ್ರಿಯಾಪದ: ಟೀಚ್.
ಬೋರ್ಡಿನಲ್ಲಿ ಮೂರೂ ರೂಪ ಬರೆದೆ.
ಹನ್ನೊಂದು ಬಾಯಿ ಒಟ್ಟಿಗೆ, ದೋಣಿಯ ಇಂಜಿನಿನ ಹಾಗೆ:
ಟಾಟ್, ಟಾಟ್, ಟಾಟ್.

"ಟೀಚರೇ, ನಡುವಿನ ಆ ಎರಡು ಅಕ್ಷರ ಎಂತಕ್ಕೆ?
ಹೇಳ್ಲಿಕ್ಕೆ ಇಲ್ಲ, ಬರೀಲಿಕ್ಕೆ ಮಾತ್ರವಾ?"
ಕೇಳಿದವರು ವಾರಿಜ ಕರ್ಕೇರ, ಐವತ್ತೆರಡು ಪ್ರಾಯ,
ಮೀನು ಮಾರಿ ಇಬ್ಬರು ತಂಗಿಯರ ಮದುವೆ ಮಾಡಿದವರು.
ನನ್ನ ಬಿ.ಎಡ್. ನೋಟ್ಸಿನಲ್ಲಿ ಇದು ಇರಲಿಲ್ಲ.
ನಾನು ತಡವರಿಸುವುದರೊಳಗೆ ಉತ್ತರವೂ ಅವರದೇ:
"ಬಂಗುಡೆ ಸಾರಿನ ತೆಪ್ಪಲದ ಹಾಗೆ, ಅಲ್ವಾ?
ಜಗಿಯುವುದಿಲ್ಲ, ಬಟ್ಟಲಿನ ಅಂಚಿಗೆ ಸರಿಸುವುದು.
ಹಾಕದಿದ್ದರೆ ಗೊತ್ತಾಗ್ತದೆ."

ಅರ್ಥ: ಕಲಿಸು.
ಕಲಿಗೆ ಒಂದು ಬಾಲ ಅಂಟಿಸಿದರೆ ನಮ್ಮಲ್ಲಿ ಕಲಿಸು.
ತುಳುವಿನಲ್ಲೂ ಹಾಗೆಯೇ, ಕಲ್ಪುನಿ, ಕಲ್ಪಾವುನಿ.
ಕಲಿಯುವವಳು ಒಳಗೆ ಕೂತಿರದೆ
ಕಲಿಸುವವಳಿಗೆ ಹುಟ್ಟಿಲ್ಲ.
ಇಂಗ್ಲಿಷಿನಲ್ಲಿ ಮಾತ್ರ ಅದಕ್ಕೊಂದು ಮನೆ, ಇದಕ್ಕೊಂದು ಮನೆ,
ನಡುವೆ ಕಂಪೌಂಡು.
ಇದನ್ನು ಹೇಳಲಿಲ್ಲ. ಹೊತ್ತಾಗಿತ್ತು.

ವಾಕ್ಯ ಮಾಡಿ, ಎಂದೆ.
ಗಿರಿಜಕ್ಕ "ಕಲಸು" ಎಂದು ಕೇಳಿಸಿಕೊಂಡು
ಅಕ್ಕಿಹಿಟ್ಟಿಗೆ ಟೀಚ್ ಮಾಡಿದರು. ನಗು.
ಮುನಾಝಾ ಬರೆದಳು: ಹಿ ವಿಲ್ ಟೀಚ್ ಮಿ ಎ ಲೆಸನ್.
ಸರಿ ಉಂಟು, ಎಂದು ಟಿಕ್ ಹಾಕಿ
ಆಮೇಲೆ ಅವಳ ಮುಖ ನೋಡಿದೆ.
ಅವಳು ರಬ್ಬರು ಹುಡುಕುತ್ತಿದ್ದಳು.
ವಾರಿಜ ಕರ್ಕೇರರದ್ದು: ಯು ಲರ್ನ್ ಮಿ ಇಂಗ್ಲಿಷ್.
ಕೆಂಪು ಗೆರೆ ಎಳೆದೆ.

ರಾತ್ರಿ ಜೆಟ್ಟಿಯಲ್ಲಿ ನೀರು ಇಳಿದಿತ್ತು, ದೋಣಿ ಕುಣಿಯುತ್ತಿತ್ತು.
ಎರಡು ವರ್ಷದಿಂದ ನಾನು ಹತ್ತುವುದು ಕಣ್ಣು ಮುಚ್ಚಿ.
ಹಿಂದಿನಿಂದ ಯಾರೋ ಮೊಣಕೈ ಹಿಡಿದರು:
"ಕೆಳಗೆ ಹೋಗುವಾಗ ಅಲ್ಲ ಟೀಚರೇ, ಮೇಲೆ ಬರುವಾಗ.
ಅದೇ ಬರ್ತದೆ. ನಿಲ್ಲಿ. ನಿಲ್ಲಿ. ಈಗ."

ಕಾಲಿಟ್ಟೆ.

ಇಂಜಿನು ಟಾಟ್, ಟಾಟ್ ಎನ್ನುತ್ತ ಹೊರಟಿತು,
ಕರ್ತೃ ಇಲ್ಲ, ಕರ್ಮ ಇಲ್ಲ.
ದೋಣಿಯ ಬಲ್ಬಿನಡಿ ಪುಸ್ತಕಗಳನ್ನು ತೆರೆದೆ.
ವಾರಿಜ ಕರ್ಕೇರರ ಗೆರೆಯ ಪಕ್ಕ ಏನೋ ಬರೆಯಹೊರಟು ಬಿಟ್ಟೆ.
ಮುನಾಝಾಳ ಪುಟ ಬೆರಳಿಗೆ ತೆಳ್ಳಗೆ, ಒರಟು;
ವಾಕ್ಯ ಪೂರ್ತಿ ಉಜ್ಜಿದ್ದಾಳೆ.
ಖಾಲಿ ಸಾಲಿನ ಕೊನೆಗೆ
ನನ್ನ ಟಿಕ್ ಮಾತ್ರ.