ರೋಲಾ ಚೌಕದ ಹಿಂದಿನ ಟೈಪಿಂಗ್ ಸೆಂಟರ್

ಬಾಗಿಲ ಮೇಲೆ ಮೂರು ಭಾಷೆಯಲ್ಲಿ ಬರೆದಿದೆ:
ವೀಸಾ, ಬಾಡಿಗೆ ಕರಾರು, ಅನುವಾದ, ಫೋಟೊಕಾಪಿ.
ನಾಲ್ಕನೆಯ ಭಾಷೆ ಬರೆದಿಲ್ಲ. ಆದರೂ
ಕುಂದಾಪುರದವರು, ಮೂಲ್ಕಿಯವರು, ಪುತ್ತೂರಿನವರು
ಹೇಗೋ ವಾಸನೆ ಹಿಡಿದು ಬರುತ್ತಾರೆ.
"ನೀವು ನಮ್ಮ ಕಡೆಯವರಲ್ವಾ?"
ಆಮೇಲೆ ದನಿ ಇಳಿಸುತ್ತಾರೆ.

ಶರ್ಮಿಳಾ ಬಂದದ್ದು ಮಧ್ಯಾಹ್ನ,
ಶಾಲೆಯ ಬಸ್ಸು ಬರುವ ಮೊದಲಿನ ಒಂದು ಗಂಟೆಯಲ್ಲಿ.
"ಮೊಯ್ದಿನಾಕ, ನನ್ನ ಫ್ರೆಂಡೊಬ್ಬಳಿಗೆ..."
ಇಪ್ಪತ್ತಾರು ವರ್ಷದಲ್ಲಿ ಈ ಕುರ್ಚಿಗೆ
ತನಗಾಗಿ ಕೇಳಲು ಬಂದವರು ಒಬ್ಬರೂ ಇಲ್ಲ.

ಸೂಪರ್‌ಮಾರ್ಕೆಟ್ ಬಿಲ್ಲಿನ ಬೆನ್ನಿನಲ್ಲಿ ಪ್ರಶ್ನೆಗಳು,
ಅಂಕಿಯಿಲ್ಲದೆ, ಅಡ್ಡಾದಿಡ್ಡಿ.
ಮದುವೆ ಕೋಟೇಶ್ವರದಲ್ಲಿ, ಜಗಳ ಇಲ್ಲಿ;
ಯಾವ ಊರಿನ ಕೋರ್ಟು?
ಇಲ್ಲಿಯ ತೀರ್ಪು ಅಲ್ಲಿ ನಡೆಯುತ್ತದಾ?
ವೀಸಾ ಅವರ ಮೇಲೆ. ಕ್ಯಾನ್ಸಲ್ ಮಾಡಿದರೆ ಎಷ್ಟು ದಿನ?
ಮಗಳ ಪಾಸ್‌ಪೋರ್ಟು ಅವರ ಆಫೀಸಿನ ಡ್ರಾಯರಿನಲ್ಲಿ,
ನಾನು, ಅಲ್ಲ, ಅವಳು ಕೇಳಬಹುದಾ?

ಆ 'ನಾನು' ನೆಲಕ್ಕೆ ಬಿದ್ದದ್ದನ್ನು ಇಬ್ಬರೂ ನೋಡಿದೆವು.
ಯಾರೂ ಹೆಕ್ಕಲಿಲ್ಲ.

ನಾನು ವಕೀಲನಲ್ಲ ಎಂದೆ, ಯಾವಾಗಲೂ ಎನ್ನುವ ಹಾಗೆ.
ನನ್ನದು ಬೆರಳಿನ ವಿದ್ಯೆ.
ಅವರ ಬಳಿ ಹೋಗುವ ಮೊದಲು ಕಾಗದ ಸರಿಯಿರಲಿ:
ಮದುವೆ ಸರ್ಟಿಫಿಕೇಟಿಗೆ ಒಂದು ಮುದ್ರೆ ಬೀಳಬೇಕು,
ಆ ಮುದ್ರೆ ನಿಜವೆನ್ನಲು ಇನ್ನೊಂದು,
ಅದರ ಮೇಲೊಂದು, ಆಮೇಲೆ ಅರಬಿ.
"ಬೇಡ ಅನ್ನಲಿಕ್ಕೆ, ಆಗಿತ್ತು ಅಂತ
ಇಷ್ಟು ಸಾಬೀತು ಮಾಡಬೇಕಾ?"
ಹೌದಮ್ಮಾ.

ಎರಡು ಕಾಲಮ್ಮಿನ ಹಾಳೆ ತೆರೆದೆ.
ಇಂಗ್ಲಿಷು ಎಡದಂಚಿನಿಂದ ಹೊರಡುತ್ತದೆ, ಅರಬಿ ಬಲದಂಚಿನಿಂದ;
ನಡುವಿನ ಗೆರೆಯ ತನಕ ಬಂದು
ಎರಡೂ ನಿಲ್ಲುತ್ತವೆ.
ಗಂಡ: ಗಣನಾಥ. ಅರಬಿಯಲ್ಲಿ 'ಣ' ಇಲ್ಲ.
ಶರ್ಮಿಳಾಳ 'ಳ'ವೂ ಇಲ್ಲ.
ಇಬ್ಬರಿಂದಲೂ ಒಂದೊಂದು ಕಳೆದು ಟೈಪು ಮಾಡಿದೆ.

ವೃತ್ತಿ: ಗೃಹಿಣಿ. ಹಳೆಯ ವೀಸಾದಲ್ಲಿ ಅದರ ಕೆಳಗೇ ಇದೆ,
ಕೆಲಸ ಮಾಡಲು ಅನುಮತಿ ಇಲ್ಲ.
ಓದಿ ನಕ್ಕಳು. ಹನ್ನೊಂದು ವರ್ಷದ ನಗು,
ಬೆಳಗ್ಗೆ ಐದಕ್ಕೆ ಎದ್ದು ಟಿಫಿನ್ ಕಟ್ಟಿದ ನಗು.
"ಕಂಪೆನಿ ಬಿಡುವಾಗ ಅವರಿಗೆ
ವರ್ಷದ ಲೆಕ್ಕದಲ್ಲಿ ಗ್ರಾಚ್ಯುಟಿ ಉಂಟಲ್ವಾ?"
ಉಂಟು.
"ಸುಮ್ಮನೆ ಕೇಳಿದೆ."

ಸುರತ್ಕಲ್ಲಿನ ಫ್ಲಾಟು ಅವರ ಹೆಸರಲ್ಲಿ,
ಮೊದಲ ಕಂತಿಗೆ ಹೋದದ್ದು ಇವಳ ಬಳೆ.
ರಸೀದಿ? ಬಳೆಗೆ ಯಾರು ರಸೀದಿ ಇಡುತ್ತಾರೆ.

ಬಿಲ್ಲಿನ ಕೊನೆಗೆ, ಎರಡು ಸಲ ಹೊಡೆದು ಹಾಕಿ
ಮತ್ತೆ ಬರೆದದ್ದು ಒಂದಿತ್ತು:
ಫೋನಿನ ಸಿಮ್ ಅವರ ಹೆಸರಲ್ಲಿ.
ಅಮ್ಮನಿಗೆ ಕಣ್ಣು ಕಾಣುವುದಿಲ್ಲ, ಬೆರಳಿಗೆ
ಬಾಯಿಪಾಠ ಇರುವ ನಂಬರು ಇದೊಂದೇ.
ಇದು ಯಾರಿಗೆ ಸೇರುತ್ತದೆ?

ಉತ್ತರ ಬರಲಿಲ್ಲ ನನಗೆ.
ಬಸ್ಸಿನ ಹೊತ್ತಾಯಿತೆಂದು ಅವಳು ಓಡಿದಳು.

ಗುರುವಾರ ರಾತ್ರಿ ಶಟರ್ ಅರ್ಧ ಎಳೆದಾಗ
ಬಗ್ಗಿ ಒಳಬಂದನೊಬ್ಬ, ಬೂಟಿನ ತುಂಬ ಸೈಟಿನ ಸಿಮೆಂಟು.
"ನಮ್ಮ ಆಫೀಸಿನಲ್ಲಿ ಒಬ್ಬರಿಗೆ..."
ಅದೇ ಸರ್ಟಿಫಿಕೇಟು, ಅದೇ 'ಣ'.
ನಾನು ಗುರುತು ತೋರಿಸಲಿಲ್ಲ.
ವೀಸಾ ಕ್ಯಾನ್ಸಲ್ ಮಾಡದೆ ಎಷ್ಟು ದಿನ ಇಡಬಹುದು,
ಮಗಳ ಮಾರ್ಚ್ ಪರೀಕ್ಷೆ ಮುಗಿಯುವ ತನಕ?
ವಿಡಿಯೋ ಕಾಲಿನ ವಾರ, ಗಂಟೆ
ಕೋರ್ಟಿನಲ್ಲೇ ಬರೆಸಲಿಕ್ಕೆ ಆಗುತ್ತದಾ?
ಮತ್ತೆ ಸ್ವಲ್ಪ ತಡೆದು, ಗೋಡೆಯ ಕ್ಯಾಲೆಂಡರಿಗೆ:
"ಮಗುವಿನ ಪಾಸ್‌ಪೋರ್ಟು ನಮ್ಮಲ್ಲೇ ಇಟ್ಟುಕೊಂಡರೆ ತಪ್ಪಾ?"

ವಕೀಲರನ್ನು ಕೇಳಿ ಎನ್ನಲಿಲ್ಲ ಈ ಸಲ.
ಕೊಟ್ಟುಬಿಡಿ ಎಂದೆ.
ಅದು ಕಾನೂನಲ್ಲ. ಆತನಿಗೂ ಗೊತ್ತಾಯಿತು,
ಕಿವಿ ಕೆಂಪಾಯಿತು, ಚಿಲ್ಲರೆ ಎಣಿಸತೊಡಗಿದ.

ಕಾಗದಗಳ ನಡುವೆ ಕೇಳದ ಒಂದು ಫಾರ್ಮು ಸೇರಿಸಿಟ್ಟೆ,
ನಂಬರನ್ನು ಬೇರೆಯವರ ಹೆಸರಿಗೆ ಬದಲಿಸುವುದು.
ಅದಕ್ಕೆ ದುಡ್ಡು ಹಿಡಿಯಲಿಲ್ಲ.
ನೋಡುತ್ತಾನೋ, ಟೀ ಲೋಟದ ಕೆಳಗೆ ಹಾಸುತ್ತಾನೋ.