ಟೊಳ್ಳು, ಗಟ್ಟಿ

ನನ್ನಪ್ಪನ ಹೆಸರು ದುರ್ಸುನ್. ಉಳಿಯಲಿ ಎಂದರ್ಥ.
ಅವನಿಗಿಂತ ಮೊದಲು ಹುಟ್ಟಿದ ಮೂವರು ಉಳಿಯಲಿಲ್ಲವೆಂದು
ಅಜ್ಜಿ ಇಟ್ಟ ಹೆಸರು.
ಅಂಥ ಹೆಸರು ಹೊತ್ತವನು
ಝೊಂಗುಲ್ದಾಕಿನ ನೆಲದೊಳಗೆ ಐನೂರು ಮೀಟರು
ದಿನಾ ಇಳಿದ, ಮೂವತ್ತೊಂದು ವರ್ಷ.

ಹೊರಡುವಾಗ ‘ಬರ್ತೀನಿ’ ಅನ್ನುತ್ತಿರಲಿಲ್ಲ.
ಅದು ನನ್ನ ಕೈಯಲ್ಲಿಲ್ಲದ ಮಾತು, ಅನ್ನುತ್ತಿದ್ದ.
ಬಗ್ಗಿ ಬೂಟಿನ ಲೇಸು ಬಿಗಿಯುತ್ತಿದ್ದ,
ಅಮ್ಮ ಆ ಗಂಟನ್ನೇ ನೋಡುತ್ತಿದ್ದಳು, ಅಷ್ಟೇ.

ಮನೆಯಲ್ಲಿ ಇದ್ದದ್ದು ಒಂದೇ ಕಟ್ಟಪ್ಪಣೆ:
ಮಕ್ಕಳು ಕಲ್ಲಿದ್ದಲು ಮುಟ್ಟಕೂಡದು.
ಹಿಮ ಸುರಿಯುವ ರಾತ್ರಿಯೂ
ಪಾಳಿ ಮುಗಿಸಿ ಬಂದು ಒಲೆಗೆ ಅವನೇ ತುಂಬಬೇಕು.
ನನಗಾಗ ಆರು ವರ್ಷ. ಬಕೀಟಿನಿಂದ ಬಿದ್ದ ಚೂರೊಂದನ್ನೆತ್ತಿ
ಗೋಡೆಯ ಮೇಲೆ ಬೆಕ್ಕು ಬರೆದೆ.
ಹೊಡೆಯಲಿಲ್ಲ. ನನ್ನ ಕೈ ತೊಳೆದ, ತೊಳೆದ,
ನೀರು ತಿಳಿಯಾದ ಮೇಲೂ ತೊಳೆದ.
ಅವನ ಉಗುರ ಸಂದಿಯ ಕಪ್ಪು ಮಾತ್ರ
ಸೋಪಿಗೆ ಜಗ್ಗದೆ ಕೂತು ನನ್ನನ್ನೇ ನೋಡುತ್ತಿತ್ತು.

ಊಟವಾಗಿ ಚಹಾದ ಲೋಟ ಕೈಗೆ ಬಂದರೆ
ಆಸಾಮಿಯೇ ಬೇರೆ.
‘ಸರಳಿನಿಂದ ಸೂರನ್ನು ತಟ್ಟಬೇಕು, ತಿಳೀತಾ?
ಠಣ್ ಅಂದರೆ ಗಟ್ಟಿ. ಕೂತು ರೊಟ್ಟಿ ತಿನ್ನು.
ಡೊಬ್ ಅಂದರೆ ಟೊಳ್ಳು. ರೊಟ್ಟಿ ಬಿಟ್ಟು ಓಡು.’
ಮೇಜು, ಬಾಗಿಲು, ಕಲ್ಲಂಗಡಿ, ಅಣ್ಣನ ತಲೆ,
ಎಲ್ಲ ತಟ್ಟಿ ತೋರಿಸುತ್ತಿದ್ದ; ನಾವು ಕಣ್ಮುಚ್ಚಿ ಹೇಳಬೇಕು.
ಮುಟ್ಟಬೇಡ ಅಂದವನೇ
ನಮ್ಮ ಕಿವಿಯೊಳಗೆ ಗಣಿ ತೋಡುತ್ತಿದ್ದ.

ಅಣ್ಣ ಸೆಲ್ಚುಕ್ ಹದಿನೆಂಟಕ್ಕೆ ಗಣಿಯ ಅರ್ಜಿ ತಂದ.
ತುಂಬಿಕೊಟ್ಟವಳು ಅಮ್ಮ.
ತಿಂಗಳ ಸಂಬಳ, ಪಿಂಚಣಿ, ಚಳಿಗೆ ಪುಕ್ಕಟೆ ಇದ್ದಲು.
ಎದೆಯ ಢವಢವವನ್ನು ಅವಳು
ಬಾಡಿಗೆಯ ಲೆಕ್ಕದೊಳಗೇ ಎಲ್ಲೋ ಕಳೆದುಬಿಟ್ಟಿದ್ದಳು.
ಅಪ್ಪ ಆ ಚಳಿಗಾಲವಿಡೀ ಮಗನೊಂದಿಗೆ ಮಾತಾಡಲಿಲ್ಲ.
ಪಾಳಿ ಮಾತ್ರ ಬದಲಿಸಿಕೊಂಡ,
ಇಬ್ಬರೂ ಒಂದೇ ಲಿಫ್ಟಿನಲ್ಲಿ ಇಳಿಯುವಂತೆ.
ಅಂದಿನಿಂದ ಅಮ್ಮ ಸೈರನ್ನಿಗೆ ಕಾದದ್ದು
ಕಿಟಕಿಯ ಬಳಿಯಲ್ಲ, ಹೊಸ್ತಿಲ ಆಚೆ.

ನಾನು ಹಲ್ಲಿನ ಡಾಕ್ಟರಾದೆ. ಬೀದಿಯೆಲ್ಲ ಅಂದಿತು:
ದುರ್ಸುನನ ಮಗಳು ಎಷ್ಟು ದೂರ ಹೋದಳು!
ಎಲ್ಲಿಯ ದೂರ?
ಬೆಳಗ್ಗೆ ಎದ್ದು ಹಣೆಗೆ ದೀಪ ಕಟ್ಟುತ್ತೇನೆ,
ಕತ್ತಲೆಯ ಬಾಯಿಗೆ ಬಗ್ಗುತ್ತೇನೆ,
ಕಪ್ಪಾದದ್ದನ್ನು ಕೊರೆದು ತೆಗೆಯುತ್ತೇನೆ,
ಪೊಳ್ಳಾದಲ್ಲಿ ಏನನ್ನಾದರೂ ತುಂಬಿ ನಿಲ್ಲಿಸುತ್ತೇನೆ.
ಸಂಬಳ ಬೇರೆ, ಕತ್ತುನೋವು ಅದೇ.

ನಾನೇನಾಗಲಿ ಎಂದು ಮಗಳು ಎಜ್ಗಿ ಕೇಳುತ್ತಾಳೆ.
ನಿನ್ನಿಷ್ಟ ಕಣೇ, ಅನ್ನುತ್ತೇನೆ,
ಒಳ್ಳೆಯ ತಾಯಂದಿರು ಹಾಗೆ ಅನ್ನಬೇಕಂತೆ.
ಅವಳೋ, ಬೇಯಿಸಿದ ಮೊಟ್ಟೆಗೆ ಕಿವಿಯಿಟ್ಟು
ಚಮಚದಿಂದ ತಟ್ಟಿ ನೋಡುತ್ತಾಳೆ.
ನಾನು ಹೇಳಿಕೊಟ್ಟದ್ದಲ್ಲ. ಇರಲಿ.

ಕಳೆದ ವಾರ ಅಪ್ಪ ಬಂದ, ದವಡೆ ನೋವೆಂದು.
ಎರಡು ಕೆಮ್ಮಿನ ನಡುವೆ ಬಿಡುವು ಸಿಕ್ಕಾಗ ಬಾಯಿ ತೆರೆದ.
ಕನ್ನಡಿಯ ಹಿಡಿಯಿಂದ ಒಂದೊಂದೇ ಹಲ್ಲು ತಟ್ಟುತ್ತಾ ಹೋದೆ.
ಅವನೂ ಕಣ್ಮುಚ್ಚಿ ಕೇಳಿಸಿಕೊಳ್ಳುತ್ತಿದ್ದ.
ಮೇಲ್ಸಾಲಿನ ಕೊನೆಯಲ್ಲಿ ಸದ್ದು ಬದಲಾಯಿತು.
ನನ್ನ ಕೈ ನಿಂತಿತು.
ಕುರ್ಚಿಯ ಆ ತುದಿಯಲ್ಲಿ ಅವನ ಎರಡೂ ಪಾದ
ಓಡಲೆಂಬಂತೆ ಒಮ್ಮೆ ಅದುರಿದವು.

‘ಗಟ್ಟಿಯಾಗಿದೆ, ಅಪ್ಪಾ’ ಅಂದೆ.
ಬಾಯ್ತುಂಬ ಹತ್ತಿ ಇಟ್ಟುಕೊಂಡೇ ನಕ್ಕ:
‘ನಿಮ್ಮಮ್ಮನಿಗೆ ನಾನೂ ದಿನಾ ಹಾಗೇ ಹೇಳ್ತಿದ್ದೆ.’